ನನಗಿಂತ ಮೊದಲೇ ಕಂಡಿದ್ದ ಮೇಷ್ಟ್ರು

ಮುಲುಂಡಿನ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ರೇಖಾಗಣಿತ ಹೇಳುತ್ತಿದ್ದ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ನನ್ನ ಕೈ ಹಳಿ ತಪ್ಪಿತು. ತ್ರಿಕೋನದ ಒಂದು ಮೂಲೆಯಿಂದ ಎದುರಿನ ಬಾಹುವಿಗೆ ಲಂಬ ಇಳಿಸಿ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲದೆ, ಆ ಲಂಬದ ಬುಡದಿಂದ ಉಳಿದೆರಡು ಬಾಹುಗಳಿಗೂ ಲಂಬ ಎಳೆದುಬಿಟ್ಟೆ. ಆ ಎರಡು ಲಂಬಗಳು ಬಾಹುಗಳನ್ನು ಮುಟ್ಟಿದ ಬಿಂದುಗಳನ್ನು ಸುಮ್ಮನೆ ಒಂದು ಗೆರೆಯಿಂದ ಜೋಡಿಸಿದೆ. ಮಕ್ಕಳು ಅದನ್ನೂ ಪಾಠವೆಂದೇ ತಿಳಿದು ಬರೆದುಕೊಂಡರು.

ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿನಲ್ಲಿ ಕುಳಿತು, ಉಳಿದ ಎರಡು ಮೂಲೆಗಳಿಂದಲೂ ಹಾಗೆಯೇ ಮಾಡಿದರೆ ಏನಾಗುತ್ತದೆ ಎಂದು ಕಾಗದದ ಮೇಲೆ ನೋಡಿದೆ. ಮೂರು ಗೆರೆಗಳು ಸಿಕ್ಕವು. ಕೈವಾರ ಹಿಡಿದು ಅಳೆದರೆ ಮೂರೂ ಒಂದೇ ಉದ್ದ. ತ್ರಿಕೋನವನ್ನು ಸೊಟ್ಟಗೆ ಮಾಡಿ ನೋಡಿದೆ, ಉದ್ದುದ್ದ ಎಳೆದು ನೋಡಿದೆ. ಮತ್ತೂ ಒಂದೇ ಉದ್ದ.

ಆ ಸಂಜೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಇಷ್ಟು ವರ್ಷ ಬೇರೆಯವರ ಗಣಿತವನ್ನು ಮಕ್ಕಳಿಗೆ ದಾಟಿಸುತ್ತ ಬಂದವಳ ಕೈಗೆ ತನ್ನದೇ ಒಂದು ತುಂಡು ಸಿಕ್ಕಿತ್ತು. ಕೆಲವು ವಾರ ಅದರ ಹಿಂದೆ ಬಿದ್ದು, ಮೂರೂ ಯಾಕೆ ಸಮ ಎಂದು ತ್ರಿಕೋನಮಿತಿಯಿಂದ ಸಾಧಿಸಿದೆ. ಆ ಸಾಧನೆ, ಅಂದರೆ ಪ್ರೂಫ್, ನನ್ನದೇ. ಅದರ ಬಗ್ಗೆ ಇವತ್ತಿಗೂ ನನಗೆ ಅನುಮಾನವಿಲ್ಲ. ಶಾಲೆಯ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲೂ ಇರಲಿಲ್ಲ. ಇನ್ನೊಬ್ಬ ಗಣಿತದ ಟೀಚರನ್ನು ಕೇಳಿದರೆ, "ಮೈನೆ ತೋ ಕಭೀ ನಹೀ ದೇಖಾ" ಎಂದರು, ತಾವಂತೂ ಎಂದೂ ಕಂಡಿಲ್ಲವೆಂದು. ಕಪಾಟಿನಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಾನು ತೀರ್ಮಾನಿಸಿದೆ. ಹತ್ತನೇ ತರಗತಿಯ ಮಗು ಇಷ್ಟು ಸಾಕ್ಷಿಯ ಮೇಲೆ ಒಂದು ಉತ್ತರ ಬರೆದಿದ್ದರೆ ನಾನೇ ಕೆಂಪು ಶಾಯಿಯಲ್ಲಿ ಗೀರು ಹಾಕುತ್ತಿದ್ದೆ.

ನನ್ನ ಗಂಡ ಧಾರವಾಡದ ಕಡೆಯವರು. ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. ಅವರಿಗೆ ಹೇಳಿದಾಗ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಂದ್ರ ಇದು ಇಡೀ ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲೇನು?"

"ನನಗ ತಿಳಿದಮಟ್ಟಿಗೆ ಇಲ್ಲ."

"ಇದೇನು ಸಣ್ಣ ಮಾತಲ್ಲ ಬಿಡು. ಇದನ್ನ ನಾಕ್ ಮಂದಿಗೆ ಹೇಳಬೇಕು."

ನಾಕು ಮಂದಿಯಲ್ಲಿ ಮೊದಲಿಗರು ನಮ್ಮ ಬಿಲ್ಡಿಂಗಿನವರು, ಪೇಢೆಯ ಸಮೇತ. ಎರಡನೆಯವರು ವಡಾಲದ ಕನ್ನಡ ಸಂಘದ ಕಾರ್ಯದರ್ಶಿ. ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿ ಅವರು, ಉತ್ಸಾಹದ ಮನುಷ್ಯ. ಸಂಘಕ್ಕೆ ಒಂದು ಮಾಸಪತ್ರಿಕೆಯಿದೆ. ಅದರಲ್ಲಿ ನನ್ನ ಫೋಟೋ ಬಂತು. ಅದರ ಹಿಂದೆಯೇ ಸನ್ಮಾನವೂ ನಿಗದಿಯಾಯಿತು.

ಆ ಭಾನುವಾರ ಸಭಾಂಗಣದ ಬಾಗಿಲಿಗೆ ಬ್ಯಾನರ್ ಕಟ್ಟಿದ್ದರು. 'ಗಣಿತ ಸಂಶೋಧಕಿ' ಎಂದು ನನ್ನ ಹೆಸರಿನ ಹಿಂದೆ, 'ಪ್ರಮೇಯ' ಎಂದು ನಮ್ಮ ಮನೆತನದ ಹೆಸರಿನ ಮುಂದೆ. ಅದನ್ನು ಓದಿ ನನಗೆ ಮುಜುಗರವಾಗಬೇಕಿತ್ತು. ಆಗಲಿಲ್ಲ. ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಮೈಕಿನ ಮುಂದೆ ನಿಂತು, "ಹೊಸ ಗಣಿತ ವಿಲಾಯತಿಯಿಂದಲೇ ಬರಬೇಕೇನು? ಮುಲುಂಡಿನ ಕ್ಲಾಸ್ ರೂಮಿನಿಂದ ಯಾಕೆ ಬರಬಾರದು?" ಎಂದು ಕೇಳಿದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಆ ವಾಕ್ಯವನ್ನು ನಾನು ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡು ಬಂದಿದ್ದೆ.

ಸಭೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು. ಮುಲುಂಡಿಗೆ ಬರುವ ಮೊದಲು ನಾನು ವಡಾಲದ ಕನ್ನಡ ಶಾಲೆಯೊಂದರಲ್ಲಿದ್ದೆ. ಆ ಶಾಲೆ ಈಗಿಲ್ಲ. ಅಲ್ಲಿ ಓದಿದ ಹುಡುಗಿ ಇವಳು, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ಈಗ ಮಲಾಡಿನ ಹತ್ತಿರದ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕಿ. ಹೂ ತಂದಿದ್ದಳು. ಕಾಲಿಗೆ ನಮಸ್ಕಾರ ಮಾಡಿದಳು. "ಪ್ರೂಫ್ ಬಹಳ ಸುಂದರ ಅದ ಟೀಚರ್" ಎಂದಳು. ಪ್ರಮೇಯದ ಬಗ್ಗೆ ಏನೂ ಹೇಳಲಿಲ್ಲ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ಒಂದೆರಡು ವಾರ ಕಳೆದು ನಾನೇ ಅವಳಿಗೆ ಫೋನ್ ಮಾಡಿದೆ. ಇದನ್ನು ಯಾವುದಾದರೂ ಒಳ್ಳೆಯ ಗಣಿತದ ಪತ್ರಿಕೆಗೆ ಕಳಿಸಬೇಕು, ನಿನ್ನ ಸಹಾಯ ಬೇಕು ಎಂದೆ. ಅವಳು, "ನೀವು ಮನೆಗೇ ಬನ್ನಿ ಟೀಚರ್, ಕೂತು ಮಾತಾಡೋಣ" ಎಂದಳು.

ಮಲಾಡಿನ ಅವಳ ಮನೆ ಚಿಕ್ಕದು, ಒಪ್ಪವಾಗಿತ್ತು. ನನಗಾಗಿ ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ತಿನ್ನುವವರೆಗೂ ಬೇರೆ ಮಾತು ಎತ್ತಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದಳು. ಹಳದಿಯಾದ ಹಳೆಯ ಪುಟವೊಂದರ ಚಿತ್ರ. ಅದರ ನಡುವೆ ನನ್ನ ತ್ರಿಕೋನ. ನನ್ನ ಮೂರು ಗೆರೆಗಳು.

"ಇದು ಯಾರದು?" ಎಂದೆ.

"ಹತ್ತೊಂಬತ್ತನೇ ಶತಮಾನದ್ದು ಟೀಚರ್. ಸ್ಕಾಟ್ಲೆಂಡಿನವರು. ಸ್ಕೂಲ್ ಟೀಚರ್ ಆಗಿದ್ದರು."

ಕಿವಿ ಬಿಸಿಯಾದದ್ದು ನೆನಪಿದೆ. ಎದುರಿನ ಗೋಡೆಯ ಮೇಲೆ ಅವಳ ತಾಯಿತಂದೆಯ ಫೋಟೋ ಇತ್ತು. ಅದನ್ನೇ ನೋಡುತ್ತ ಕುಳಿತೆ.

"ನಿನಗಿದು ಯಾವಾಗ ಗೊತ್ತಾಯಿತು?"

ಅವಳು ತಲೆ ತಗ್ಗಿಸಿದಳು. "ಎಂ.ಎಸ್‌ಸಿಯಲ್ಲಿದ್ದಾಗಲೇ ಓದಿದ್ದೆ."

"ಅಂದರೆ ಸನ್ಮಾನದ ದಿನ..."

"ಗೊತ್ತಿತ್ತು ಟೀಚರ್. ಅಷ್ಟು ಜನರ ಮುಂದೆ ಹ್ಯಾಂಗ ಹೇಳ್ಲಿ? ನೀವು ಎಷ್ಟು ಖುಷಿಯಲ್ಲಿದ್ರಿ."

ಪ್ರಮೇಯ ನನ್ನದಲ್ಲ ಎಂಬುದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕುಗ್ಗಿಸಿತು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ವಾಕ್ಯವನ್ನು ನಾನು ಒಪ್ಪಿಸುತ್ತಿದ್ದಾಗ, ನಾನೇ ಬೀಜಗಣಿತ ಕಲಿಸಿದ ಹುಡುಗಿ ಮೂರನೇ ಸಾಲಿನಲ್ಲಿ ಕುಳಿತು ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಕನಿಕರದಿಂದಲೇ ಚಪ್ಪಾಳೆ ತಟ್ಟಿದ್ದಳು.

ಹೊರಡುವಾಗ, "ಇದು ಸಾಮಾನ್ಯ, ಟೀಚರ್. ದೊಡ್ಡ ದೊಡ್ಡವರಿಗೂ ಆಗ್ತದ" ಎಂದು ಸಮಾಧಾನ ಹೇಳಿದಳು. ನಾನು "ಹೌದಲ್ಲ" ಎಂದು ನಕ್ಕೆ. ದಾದರಿನಲ್ಲಿ ರೈಲಿಳಿದು, ಮುಲುಂಡಿನ ಗಾಡಿಗೆಂದು ಸೆಂಟ್ರಲ್ ಲೈನಿನ ಕಡೆಗೆ ಸೇತುವೆ ಹತ್ತುವಾಗ ಗುಂಪಿನ ನಡುವೆ ಯಾರೋ "ಟೀಚರ್!" ಎಂದು ಕೂಗಿದಂತಾಯಿತು. ತಿರುಗಿ ನೋಡದೆ ತಲೆಯ ಮೇಲೆ ಸೆರಗು ಎಳೆದುಕೊಂಡು ನಡೆದೆ.

ಆ ಪುಟಗಳನ್ನು ಅವಳು ನನ್ನ ಫೋನಿಗೆ ಕಳಿಸಿದ್ದಳು. ಅವುಗಳ ಜೊತೆಗೆ, ಆ ಮೇಷ್ಟ್ರು ತೀರಿಕೊಂಡಾಗ ಅವರ ಸಹೋದ್ಯೋಗಿಯೊಬ್ಬರು ಬರೆದ ನೆನಪಿನ ಲೇಖನವನ್ನೂ ಕಳಿಸಿದ್ದಳು. ಕೆಲವು ದಿನ ತೆರೆಯಲಿಲ್ಲ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು, ಹೇಳಿಕೊಳ್ಳಲು ನಾಚಿಕೆ. ನೆರೆಮನೆಯವರು ನಮ್ಮ ಅಂಗಳದೊಳಗೆ ಗೋಡೆ ಎಳೆದರೆ ಬರುವಂಥ ಸಿಟ್ಟು. ಕೊನೆಗೆ ಒಂದು ರಜೆಯ ದಿನ, ಗಂಡ ತರಕಾರಿ ತರಲು ಹೋಗಿದ್ದಾಗ, ಅಡುಗೆಮನೆಯ ಕಿಟಕಿಯ ಹತ್ತಿರ ನಿಂತುಕೊಂಡೇ ಓದಲು ಶುರು ಮಾಡಿದೆ. ಆಮೇಲೆ ಕುರ್ಚಿ ಎಳೆದುಕೊಂಡೆ.

ಸಣ್ಣ ಊರಿನಲ್ಲಿ ಹುಟ್ಟಿದವರು. ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಓದಿ, ಪಟ್ಟಣದ ಶಾಲೆಯೊಂದಕ್ಕೆ ಗಣಿತದ ಮೇಷ್ಟ್ರಾಗಿ ಬಂದರು. ದುಡಿಯುವ ಕಾಲವೆಲ್ಲ ಆ ಶಾಲೆಯಲ್ಲೇ ಕಳೆಯಿತು. ಪ್ರೊಫೆಸರ್ ಆಗಲಿಲ್ಲ. ಬೆಳಗ್ಗೆ ಪಾಠ, ಸಂಜೆ ಉತ್ತರಪತ್ರಿಕೆ, ಅದು ಮುಗಿದ ಮೇಲೆ ತಮ್ಮ ಕೆಲಸ. ಆ ಊರಿನ ಶಾಲಾ ಮೇಷ್ಟ್ರುಗಳೆಲ್ಲ ಸೇರಿ ಒಂದು ಗಣಿತದ ಸಂಘ ಕಟ್ಟಿಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ಚಳಿ ಹಿಡಿದ ಕೋಣೆಯೊಂದರಲ್ಲಿ ಸೇರಿ, ಒಬ್ಬರು ಬೋರ್ಡಿನ ಮೇಲೆ ಚಿತ್ರ ಬರೆಯುವುದು, ಉಳಿದವರು ಕೋಟು ಬಿಚ್ಚದೆ ಕುಳಿತು ಪ್ರಶ್ನೆ ಕೇಳುವುದು. ಅವರೂ ತಮ್ಮ ಸಂಘಕ್ಕೆ ಒಂದು ಪತ್ರಿಕೆ ನಡೆಸುತ್ತಿದ್ದರು. ಶಾಲು, ಹಣ್ಣಿನ ಬುಟ್ಟಿಯ ಸುದ್ದಿ ಆ ಲೇಖನದಲ್ಲಿ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ತ್ರಿಕೋನದ ಬಗ್ಗೆ ಇರುವ ಒಂದೊಂದು ಪ್ರಮೇಯವನ್ನೂ ಮೊದಲು ಕಂಡವರು ಯಾರು ಎಂದು ಹುಡುಕುವುದು ಆ ಮೇಷ್ಟ್ರ ಜೀವನದ ಕೆಲಸವಾಗಿತ್ತು. ಅದಕ್ಕಾಗಿ ಗ್ರೀಕ್ ಓದಿದರು, ಫ್ರೆಂಚ್, ಜರ್ಮನ್ ಓದಿದರು, ಯಾರೂ ಮುಟ್ಟದ ಹಳೆಯ ವಾರ್ಷಿಕ ಪುಸ್ತಕಗಳ ಕೊನೆಯ ಪುಟಗಳ ಒಗಟಿನ ಲೆಕ್ಕಗಳನ್ನೂ ಬಿಡದೆ ಓದಿದರು. ಯಾರ ಪ್ರಮೇಯ ಯಾರ ಹೆಸರಿನಲ್ಲಿ ಓಡಾಡುತ್ತಿದೆ ಎಂದು ಪತ್ತೆ ಹಚ್ಚಿ, ಅವರವರದನ್ನು ಅವರವರಿಗೆ ಮರಳಿಸಿದರು. ನನ್ನ ಮೂರು ಗೆರೆಗಳ ಪುಟದ ಕೆಳಗೂ ಸಣ್ಣಕ್ಷರದಲ್ಲಿ ಅವರ ಒಂದು ಸಾಲಿತ್ತು. ಇದನ್ನು ನಾನೇ ಕಂಡೆನೆಂದು ಕೆಲಕಾಲ ತಿಳಿದಿದ್ದೆ, ಆದರೆ ನನಗಿಂತ ಮೊದಲು ಇನ್ನೊಬ್ಬರು ಇದನ್ನು ಪ್ರಶ್ನೆಯ ರೂಪದಲ್ಲಿ ಅಚ್ಚು ಹಾಕಿಸಿದ್ದಾರೆ ಎಂಬ ಅರ್ಥದ ಮಾತು. ಅಷ್ಟೇ. ಒಂದು ಸಾಲು ಬರೆದು, ಮುಂದಿನ ಪ್ರಮೇಯಕ್ಕೆ ಹೋಗಿದ್ದರು.

ನಾನೂ ಅಂಥದೊಂದು ಸಾಲು ಬರೆಯಲು ಕುಳಿತೆ. 'ಶಾಲೆಯ ಗ್ರಂಥಾಲಯದಲ್ಲಿ ಸಾಕಷ್ಟು ಪುಸ್ತಕಗಳಿಲ್ಲದ ಕಾರಣ' ಎಂದು ಆರಂಭವಾಯಿತು. ಹೊಡೆದು ಹಾಕಿದೆ. 'ಸ್ವತಂತ್ರವಾಗಿ ಕಂಡುಹಿಡಿದಿದ್ದರೂ' ಎಂದು ಆರಂಭವಾಯಿತು. ಅದನ್ನೂ ಹೊಡೆದೆ. ಏನು ಬರೆದರೂ ಸಾಲಿನ ಬಾಲಕ್ಕೆ ನನ್ನ ಹೊಗಳಿಕೆ ಅಂಟಿಕೊಂಡು ಬರುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ತ್ರಿಕೋನ. ನನಗೆ ಬೇಕಾಗಿದ್ದದ್ದು ಬ್ಯಾನರ್ ಎಂದು ಆ ಕುರ್ಚಿಯಲ್ಲಿ ಕುಳಿತು ನನಗೆ ಗೊತ್ತಾಯಿತು.

ಗಂಡ ತರಕಾರಿ ಚೀಲ ಇಳಿಸುವ ಹೊತ್ತಿಗೆ ಹೇಳಿಬಿಟ್ಟೆ. ಅವರು ಮೆಂತ್ಯೆಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಯಾರಿಗೆ ಗೊತ್ತಾಗ್ತದ? ಆ ಮನಶ್ಯಾ ಸತ್ತು ಯಾವ ಕಾಲ ಆತು."

"ನನಗ ಗೊತ್ತಾಗ್ಯದಲ್ಲ."

"ಹಂಗಾರ ಸುಮ್ಮನಿರು. ಇನ್ನ ಮ್ಯಾಲ ಆ ಸುದ್ದಿ ತಗೀಬ್ಯಾಡ, ಆತಿಲ್ಲೋ?"

"ಬ್ಯಾನರ್ ಮ್ಯಾಲ ನಿಮ್ಮ ಮನೆತನದ ಹೆಸರು ಹಾಕ್ಯಾರ."

ಆ ಮಾತಿಗೆ ಅವರ ಮುಖ ಸಣ್ಣದಾಯಿತು. "ಇಡೀ ಬಿಲ್ಡಿಂಗಿಗೆ ಪೇಢೆ ಹಂಚೀನಿ ನಾ" ಎಂದು ಮೆಲ್ಲಗೆ ಹೇಳಿ ಬಾಲ್ಕನಿಗೆ ಹೋಗಿ ನಿಂತರು. ಅವರನ್ನು ನಗೆಪಾಟಲಿಗೆ ಎಳೆದವಳು ನಾನು ಎಂಬುದು ಆಗ ಹೊಸದಾಗಿ ಚುಚ್ಚಿತು. ಆಮೇಲೆ ಕೆಲವು ದಿನ ಲಿಫ್ಟಿನಲ್ಲಿ ಯಾರಾದರೂ ಬಂದರೆ ಗಂಡ ಮೆಟ್ಟಿಲು ಇಳಿದು ಹೋಗುತ್ತಿದ್ದರು.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಪ್ರಮೇಯ ಹಳೆಯದು, ಸ್ಕಾಟ್ಲೆಂಡಿನ ಒಬ್ಬ ಮೇಷ್ಟ್ರು ಇದನ್ನು ಬಹಳ ಹಿಂದೆಯೇ ಬರೆದಿದ್ದಾರೆ, ಅವರಿಗಿಂತ ಮೊದಲೂ ಬೇರೆಯವರು ಕಂಡಿದ್ದಾರೆ, ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ ಎಂದೆ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಕೇಳಿಸುತ್ತಿತ್ತು.

"ಮೇಡಂ, ನೀವು ಟೆನ್ಶನ್ ತಗೋಬ್ಯಾಡ್ರಿ. ನಾ ಛಂದಂಗ ಬರಸ್ತೀನಿ."

ಛಂದವಾಗಿಯೇ ಬರೆಸಿದ್ದರು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ನನ್ನ ಅದೇ ಫೋಟೋ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ: 'ನಮ್ಮ ಸದಸ್ಯೆಯ ಪ್ರಮೇಯಕ್ಕೆ ಸ್ಕಾಟ್ಲೆಂಡಿನ ಗಣಿತಜ್ಞರ ಮನ್ನಣೆ!' ಮಣ್ಣಾಗಿ ಹೋದ ಮನುಷ್ಯ ನನಗೆ ಮನ್ನಣೆ ಕೊಟ್ಟಿದ್ದರು. ಪತ್ರಿಕೆಯ ಪುಟವನ್ನು ಯಾರೋ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ನಮ್ಮ ಪ್ರಿನ್ಸಿಪಾಲರ ತನಕ ಅದು ಹೋಯಿತು. ಕನ್ನಡ ಓದಲು ಬಾರದ ಅವರು ಯಾರಿಂದಲೋ ಅರ್ಥ ಕೇಳಿ ತಿಳಿದು, ಬೆಳಗಿನ ಪ್ರಾರ್ಥನೆಯಲ್ಲಿ ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. ಇಡೀ ಶಾಲೆ ಚಪ್ಪಾಳೆ ತಟ್ಟಿತು.

ಅಲ್ಲೇ ಹೇಳಬಹುದಿತ್ತು. ಮೈಕು ಕೈಯಳತೆಯಲ್ಲಿತ್ತು. "ಥ್ಯಾಂಕ್ಯೂ" ಎಂದು ಹೇಳಿ ನನ್ನ ಜಾಗಕ್ಕೆ ಬಂದು ನಿಂತೆ. ಮೊದಲ ಸಲ ತಿಳಿಯದೆ ಹೇಳಿದ್ದೆ. ಈ ಸಲ ತಿಳಿದೂ ಬಾಯಿ ಮುಚ್ಚಿಕೊಂಡೆ. ಸ್ಟಾಫ್ ರೂಮಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಮುಖಕ್ಕೆ ನೀರು ಹಾಕಿಕೊಂಡರೂ ಬಿಸಿ ಇಳಿಯಲಿಲ್ಲ.

ಅದೇ ದಿನ ಒಂಬತ್ತನೇ ತರಗತಿಯ ಪಾಠವಿತ್ತು. ಪುಸ್ತಕ ತೆರೆಯಲಿಲ್ಲ. ಬೋರ್ಡಿನ ಮೇಲೆ ಆ ತ್ರಿಕೋನ ಬರೆದು, "ಇದು ನನ್ನದಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ಮೇಷ್ಟ್ರ ಕಥೆ ಹೇಳಿದೆ. ಬೆಳಗ್ಗೆ ಪ್ರಾರ್ಥನೆಯಲ್ಲಿ ಹೇಳಬೇಕಿತ್ತು, ಧೈರ್ಯ ಬರಲಿಲ್ಲ ಎಂಬುದನ್ನೂ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು.

"ಟೀಚರ್, ಆಪ್ನೆ ಕಾಪಿ ಕಿಯಾ ಥಾ ಕ್ಯಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. "ಇಲ್ಲ" ಎಂದೆ. ಎಷ್ಟು ನಿಜವಾಗಿದ್ದರೂ ಆ "ಇಲ್ಲ" ಅಪರಾಧಿ ಹೇಳುವ ಹಾಗೆಯೇ ಕೇಳಿಸಿತು. ಕಾಪಿ ಹೊಡೆದರೆಂದು ನಾನು ಹಿಡಿದ ಎಷ್ಟೋ ಮಕ್ಕಳು ನನ್ನ ಮುಂದೆ ನಿಂತು ಹೀಗೆಯೇ ಹೇಳಿದ್ದರು. ಅವರಲ್ಲಿ ಕೆಲವರಾದರೂ ನಿಜ ಹೇಳುತ್ತಿದ್ದಿರಬೇಕು.

ಪಾಠ ಮುಗಿಸಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೇಳಿದೆ. ಅವರು, "ಠೀಕ್ ಹೈ, ಬೋರ್ಡ್ ಸೆ ನಿಕಾಲ್ ದೇತೇ ಹೈ" ಎಂದರು. ನೋಟೀಸ್ ಬೋರ್ಡಿನಲ್ಲಿ ಹಾಕಿದ್ದ ನನ್ನ ಫೋಟೋವನ್ನು ಪ್ಯೂನ್ ಬಂದು ತೆಗೆದ. ಪಿನ್ನಿನ ತೂತುಗಳು ಉಳಿದವು.

ಇನ್ನು ಉಳಿದದ್ದು ಸಂಘ. ವಾರ್ಷಿಕ ಸಭೆಗೆ ಹೊರಟಾಗ ಗಂಡ ತಾವೂ ಚಪ್ಪಲಿ ಮೆಟ್ಟಿದರು. "ನೀವು ಬರೂದು ಬ್ಯಾಡ, ಸುಮ್ಮನ ಯಾಕ" ಎಂದೆ. "ಸನ್ಮಾನಕ್ಕ ಬಂದಿದ್ನಿಲ್ಲೋ" ಎಂದಷ್ಟೇ ಹೇಳಿದರು.

ಕಾರ್ಯದರ್ಶಿ ನನ್ನನ್ನು ವೇದಿಕೆಯ ಪಕ್ಕಕ್ಕೆ ಕರೆದು ತಡೆಯಲು ನೋಡಿದರು. "ಮೇಡಂ, ನಮ್ಮ ಮಂದಿಗೆ ಗಣಿತ ಎಲ್ಲಿ ತಿಳೀತದ್ರಿ? ಸುಮ್ಮನ ಸಂಘದ ಮರ್ಯಾದಿ ಹೋಗ್ತದ."

"ಮರ್ಯಾದಿ ನಂದು ಹೋಗೂದು, ನಿಮ್ಮದಲ್ಲ" ಎಂದು ಮೈಕು ತೆಗೆದುಕೊಂಡೆ.

ಈ ಸಲ ಏನನ್ನೂ ಅಭ್ಯಾಸ ಮಾಡಿರಲಿಲ್ಲ. ನಾನು ಕಂಡದ್ದನ್ನು ನನಗಿಂತ ಬಹಳ ಮೊದಲೇ ಬೇರೆಯವರು ಕಂಡಿದ್ದರು, ಪತ್ರಿಕೆಯಲ್ಲಿ ಬಂದ ಮನ್ನಣೆಯ ಸುದ್ದಿ ತಪ್ಪು, ಸ್ಕಾಟ್ಲೆಂಡಿನ ಆ ಮೇಷ್ಟ್ರು ಎಂದೋ ತೀರಿಕೊಂಡಿದ್ದಾರೆ ಎಂದೆ. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿ ನೆಲ ನೋಡುತ್ತ ಕುಳಿತಿದ್ದರು. ಆಮೇಲೆ ಆ ಮೇಷ್ಟ್ರ ಬಗ್ಗೆ ಹೇಳಿದೆ: ಶಾಲೆ, ಚಳಿಯ ಕೋಣೆ, ಪುಟದ ಕೆಳಗಿನ ಸಣ್ಣ ಸಾಲು. ಅವರ ಬಗ್ಗೆ ಮಾತಾಡುವಾಗ ಮಾತ್ರ ನನ್ನ ದನಿ ನಡುಗಲಿಲ್ಲ.

ಮಾತು ಮುಗಿಸಿದೆ. ಆಮೇಲೆ ಬಾಗಿಲ ಹತ್ತಿರ ಮಗ್ಗುಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಕುಳಿತಿದ್ದ ಒಬ್ಬ ಅಜ್ಜಿ ಎದ್ದು ಕೇಳಿದರು:

"ಬಾಯಾರ, ಅವರೂ ನಿಮ್ಮಂಗ ಸಾಲಿ ಮಾಸ್ತರ್ರೇನ್ರಿ?"

"ಹೌದ್ರಿ."

"ಅವರಿಗೂ ಶಾಲು ಹೊದಿಸಿದ್ರೇನ್ರಿ?"

ಜನ ನಕ್ಕರು. ನಾನೂ ನಕ್ಕೆ. "ಗೊತ್ತಿಲ್ರಿ" ಎಂದೆ. ಆ ನಗುವಿನ ಹಿಂದೆಯೇ ಚಪ್ಪಾಳೆ ಎದ್ದಿತು. ಎಷ್ಟು ಪ್ರಾಮಾಣಿಕರು ನೋಡಿ ಎಂದು ಯಾರೋ ಹೇಳಿದ್ದು ಕೇಳಿಸಿತು. ಆ ಮಾತು ಕಿವಿಗೆ ಬಿದ್ದೊಡನೆ ಎದೆಯೊಳಗೆ ಸಣ್ಣಗೆ ಹಿತವಾಯಿತು, ಮೊದಲ ಸನ್ಮಾನದಲ್ಲಿ ಆಗಿದ್ದಂಥದೇ ಹಿತ. ಇದಕ್ಕೂ ಚಪ್ಪಾಳೆ ಸಿಗಲಿ ಎಂದು ಒಳಗೊಳಗೇ ಕಾಯುತ್ತಿದ್ದೆನಲ್ಲ ಎನ್ನಿಸಿ, ಬೇಗ ಮೈಕು ಇಟ್ಟು ಕೆಳಗಿಳಿದೆ.

ವಾಪಸು ಬರುವಾಗ ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಭಾನುವಾರದ ಸಂಜೆ, ಪ್ಲಾಟ್‌ಫಾರಂ ಬೆಂಚಿನಲ್ಲಿ ಜಾಗ ಸಿಕ್ಕಿತು. ಗಂಡ ವಡಾಪಾವ್ ತಂದರು. ತಿಂದು ಮುಗಿಸಿ, ಎಣ್ಣೆ ಹತ್ತಿದ ಕಾಗದವನ್ನು ಮೊಣಕಾಲ ಮೇಲೆ ಬಿಡಿಸಿ, ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಆ ಮೂರು ಗೆರಿ ಅಂದ್ರ ಏನು, ಈಗರೇ ತಿಳಿಸಿ ಹೇಳು."

ಪೆನ್ನು ಹಿಡಿದು ಅವರ ಮುಖ ನೋಡಿದೆ. ಪೇಢೆ ಹಂಚಿದವರು, ಬ್ಯಾನರ್ ಕಟ್ಟುವಾಗ ಹಗ್ಗ ಹಿಡಿದವರು, ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದವರು. ಏನೆಂದು ತಿಳಿಯದೆಯೇ ಇಷ್ಟೆಲ್ಲ ಮಾಡಿದ್ದರು. ಸಂಘಕ್ಕೆಲ್ಲ ಹೇಳಿದ್ದೆ, ತರಗತಿಗೆಲ್ಲ ಹೇಳಿದ್ದೆ. ಪಕ್ಕದಲ್ಲಿ ಊಟಕ್ಕೆ ಕೂರುವ ಮನುಷ್ಯನಿಗೆ ಒಂದು ತ್ರಿಕೋನ ಬರೆದು ತೋರಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಅವರಿಗೆ ತಿಳಿಯುವುದಿಲ್ಲ ಎಂದು ನಾನೇ ಅಂದುಕೊಂಡಿದ್ದೆ.

ಕಾಗದದ ಒಣ ಮೂಲೆಯಲ್ಲಿ ಬರೆದು ತೋರಿಸಿದೆ. ಅವರು ಕೆಳಗೆ ಬಿದ್ದಿದ್ದ ಕಡ್ಡಿಯೊಂದನ್ನು ಗೆರೆಯಷ್ಟೇ ಉದ್ದಕ್ಕೆ ಮುರಿದು ಒಂದೊಂದು ಗೆರೆಗೂ ಹಿಡಿದು ನೋಡಿದರು.

"ಎಂಥಾ ತ್ರಿಕೋನಕ್ಕೂ ಹಿಂಗ ಆಗ್ತದೇನು?"

"ಎಂಥಾದ್ದಕ್ಕೂ."

"ಈ ಸೊಟ್ಟಂದಕ್ಕ?" ಎಂದು ತಾವೇ ಒಂದನ್ನು ಬರೆದರು, ನಡುಗುವ ಗೆರೆಯಲ್ಲಿ. ಮುಲುಂಡಿನ ಲೋಕಲ್ ಬಂದು ನಿಂತಿತು. ಜನ ಇಳಿದರು, ಹತ್ತಿದರು. ಅವರು ಕಡ್ಡಿ ಹಿಡಿದು ಅಳೆಯುತ್ತಲೇ ಇದ್ದರು, ನಾನು ಎಬ್ಬಿಸಲಿಲ್ಲ.